ಉತ್ತರಿಸುವ ಯಂತ್ರ ಮತ್ತು ಆಕರಪ್ರಾಮಾಣ್ಯ

ತೀರ್ಥಕ್ಷೇತ್ರಕ್ಕೆ ಬಂದ ಯಾತ್ರಿಕನ ಪ್ರಶ್ನೆಗೆ ಅವನ ಭಾಷೆಯಲ್ಲಿಯೇ ಒಡನೆ ಉತ್ತರ ಕೊಡುವ ಸಂಭಾಷಣಾ ಯಂತ್ರಗಳು, ಇಂದಿನ ರೂಢಿಯ ಮಾತಿನಲ್ಲಿ ಚಾಟ್‌ಬಾಟ್‌ಗಳು, ಈಗ ಬರಿಯ ಕುತೂಹಲದ ವಸ್ತುವಾಗಿ ಉಳಿದಿಲ್ಲ. 2025ರ ಪ್ರಯಾಗದ ಮಹಾಕುಂಭಕ್ಕಾಗಿ 'ಕುಂಭ ಸಹಾಯಕ' ಎಂಬ ಯಂತ್ರವು 2024ರ ಡಿಸೆಂಬರಿನಲ್ಲಿಯೇ ಸಿದ್ಧವಾಗಿ, ಹನ್ನೊಂದು ಭಾಷೆಗಳಲ್ಲಿ ದಾರಿ, ವಸತಿ, ವಾಹನ ನಿಲುಗಡೆ ಮೊದಲಾದುವನ್ನು ತಿಳಿಸುತ್ತಿತ್ತು. 2025-26ರ ಕೇಂದ್ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆಗಳಿಗಾಗಿ 'ಜ್ಞಾನ ಭಾರತಂ' ಯೋಜನೆ ಘೋಷಿತವಾಯಿತು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವು 2018ರಲ್ಲಿ ನಡೆದಿದ್ದು, ಹನ್ನೆರಡು ವರ್ಷಗಳ ರೂಢಿಯಂತೆ ಮುಂದಿನದು 2030ಕ್ಕೆ ಬರಬೇಕು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಬೆಳ್ಗೊಳದ ಬೆಟ್ಟವನ್ನೇರುವ ಯಾತ್ರಿಕನ ಕೈಯಲ್ಲಿ ಇಂತಹದೊಂದು ಯಂತ್ರವಿರುವ ದಿನ ದೂರವಿಲ್ಲವೆಂದು ಊಹಿಸಬಹುದು. ಅದು ಏನನ್ನು ಹೇಳೀತು, ಯಾವ ಆಧಾರದಿಂದ ಹೇಳೀತು ಎಂಬುದನ್ನು ಗ್ರಂಥಸಂಪಾದನಶಾಸ್ತ್ರದ ದೃಷ್ಟಿಯಿಂದ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂತಹ ಯಂತ್ರಗಳ ನಿರ್ಮಾತೃಗಳು ಮುಖ್ಯವಾಗಿ ಬಯಸುವ ಗುಣವನ್ನು 'ಬಳಕೆದಾರಸ್ನೇಹಿ' ಎಂಬ ಪದದಿಂದ ಸೂಚಿಸುತ್ತಾರೆ. ಉತ್ತರ ಚಿಕ್ಕದಾಗಿರಬೇಕು, ವಿಳಂಬವಿಲ್ಲದೆ ಬರಬೇಕು, ಕೇಳಿದವನಿಗೆ ಸಂದಿಗ್ಧವುಳಿಯಬಾರದು ಎಂಬಿವು ಅದರ ಲಕ್ಷಣಗಳು. ಊಟದ ಸಾಲು ಎಲ್ಲಿ, ಬಸ್ಸು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳಿಗೆ ಈ ಲಕ್ಷಣಗಳು ಸರಿಯಾಗಿಯೇ ಸಲ್ಲುತ್ತವೆ. ಆದರೆ ಈ ಬಸದಿಯನ್ನು ಕಟ್ಟಿಸಿದವರಾರು, ಈ ಬಿಂಬದ ಕಾಲವಾವುದು, ಈ ನಿಷಿಧಿಯು ಯಾರದು ಎಂಬ ಪ್ರಶ್ನೆಗಳಲ್ಲಿ ಸಂದಿಗ್ಧವು ಎಷ್ಟೋ ಸಲ ವಿಷಯದಲ್ಲಿಯೇ ಇರುತ್ತದೆ. ಅದನ್ನು ಅಳಿಸಿ ಕೊಟ್ಟ ಉತ್ತರವು ಕೇಳಲು ಹಿತವಾಗಿದ್ದೀತು, ಆದರೆ ಅದು ತಿಳಿವಲ್ಲ. ಸ್ಥಳೀಯ ಪರಂಪರೆಯನ್ನು ಯಾತ್ರಿಕನಿಗೆ ಮುಟ್ಟಿಸುವ ಯಂತ್ರವು ದಾರಿ ತೋರಿಸುವ ಯಂತ್ರದ ಅಚ್ಚಿನಲ್ಲಿಯೇ ಎರಕಗೊಂಡರೆ ಆಗುವ ಅನರ್ಥ ಇದು.

ಪ್ರಶ್ನೋತ್ತರಪದ್ಧತಿಯೇನೂ ಜೈನವಾಙ್ಮಯಕ್ಕೆ ಹೊಸದಲ್ಲ. ವ್ಯಾಖ್ಯಾಪ್ರಜ್ಞಪ್ತಿಯು ಪ್ರಶ್ನರೂಪದ ಅಂಗವೆಂದು ಎರಡು ಪರಂಪರೆಗಳೂ ಒಪ್ಪುತ್ತವೆ; ಪ್ರಶ್ನೆಗಳ ಸಂಖ್ಯೆ ಶ್ವೇತಾಂಬರ ಗಣನೆಯಲ್ಲಿ 36,000, ದಿಗಂಬರ ಗಣನೆಯಲ್ಲಿ 60,000. ಷಟ್ಖಂಡಾಗಮದ ಧವಲಾಟೀಕೆಯಂತೂ ಶಂಕಾ-ಸಮಾಧಾನಗಳ ಸರಣಿಯಲ್ಲಿಯೇ ಮುಂದುವರಿಯುತ್ತದೆ. ವೀರಸೇನಾಚಾರ್ಯರ ಕ್ರಮ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಆಚಾರ್ಯರಲ್ಲಿ ಮತಭೇದ ಬಂದ ಕಡೆ ಅವರು ದಕ್ಷಿಣಪ್ರತಿಪತ್ತಿ, ಉತ್ತರಪ್ರತಿಪತ್ತಿ ಎಂದು ಎರಡನ್ನೂ ಹೆಸರಿಸಿ ಹೇಳುತ್ತಾರೆ. ನಿರ್ಣಯಿಸಲು ಬೇಕಾದ ಗುರೂಪದೇಶವು ದೊರೆಯದ ಕಡೆ ಒಂದನ್ನು ಎತ್ತಿಹಿಡಿದು ಮತ್ತೊಂದನ್ನು ಕೈಬಿಡದೆ ಎರಡನ್ನೂ ಸಂಗ್ರಹಿಸಿ ಉಳಿಸುತ್ತಾರೆ. ಇಷ್ಟು ವಿಶಾಲವಾದ ಟೀಕೆಯನ್ನು ರಚಿಸಿದ ಆಚಾರ್ಯರಿಗೆ ಒಂದು ಪಕ್ಷವನ್ನು ಆರಿಸಿ ಹೇಳುವ ಸಾಮರ್ಥ್ಯ ಇರಲಿಲ್ಲವೆಂದಲ್ಲ. ಆಧಾರವಿಲ್ಲದೆ ಹೇಳುವುದು ಪಾಪಭೀರುವಿಗೆ ತಕ್ಕುದಲ್ಲವೆಂಬ ದೃಷ್ಟಿ ಅವರದು. ಉತ್ತರಿಸುವ ಯಂತ್ರಕ್ಕೆ ಮಾದರಿಯೊಂದನ್ನು ಹುಡುಕುವವರು ಮೊದಲು ನೋಡಬೇಕಾದುದು ಇದನ್ನು.

ಯಂತ್ರದ ಸ್ವಭಾವವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. 1966ರಲ್ಲಿ ಅಮೆರಿಕದ ಜೋಸೆಫ್ ವೈಜನ್‌ಬಾಮ್ ಪ್ರಕಟಿಸಿದ 'ಎಲಿಜಾ' ಎಂಬ ಯಂತ್ರಕ್ರಮವು ಕೇಳಿದವನ ಮಾತಿನಲ್ಲಿನ ಪದಗಳನ್ನೇ ಹಿಡಿದು, ತಿರುಗಿಸಿ, ಪ್ರಶ್ನೆಯಾಗಿ ಹಿಂದಿರುಗಿಸುತ್ತಿತ್ತು. ಅಷ್ಟಕ್ಕೇ ಜನರು ಅದಕ್ಕೆ ಅರ್ಥಜ್ಞಾನವನ್ನು ಆರೋಪಿಸಿದುದನ್ನು ಕಂಡು ಅದರ ಕರ್ತೃವೇ ಕಳವಳಗೊಂಡರು. ಅನಂತರದ ಬಹುಕಾಲ ಇಂತಹ ಯಂತ್ರಗಳು ಮೊದಲೇ ಬರೆದಿಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಿ ಕೊಡುತ್ತಿದ್ದುವು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲೆ ಜನಜನಿತವಾದ ಭಾಷಾಮಾದರಿಗಳ ಕ್ರಮ ಬೇರೆ. ಅಪಾರವಾದ ಲಿಖಿತ ರಾಶಿಯನ್ನು ಓದಿಸಿದ ಬಳಿಕ, ಹಿಂದೆ ಬಂದ ಮಾತುಗಳ ಮುಂದೆ ಯಾವ ಮಾತು ಬರುವುದು ಹೆಚ್ಚು ಸಂಭವವೋ ಅದನ್ನು ಒಂದಾದ ಮೇಲೊಂದರಂತೆ ಅವು ಜೋಡಿಸುತ್ತವೆ. ಆದುದರಿಂದ ವಾಕ್ಯವು ಸುಭಗವಾಗಿರುತ್ತದೆ. ಆಧಾರವಿರುವ ವಾಕ್ಯವೂ ಆಧಾರವಿಲ್ಲದ ವಾಕ್ಯವೂ ಅಷ್ಟೇ ಸುಭಗವಾಗಿರುತ್ತವೆ.

ಹಸ್ತಪ್ರತಿಗಳೊಡನೆ ಪಳಗಿದವರಿಗೆ ಈ ಪ್ರವೃತ್ತಿ ಅಪರಿಚಿತವಲ್ಲ. ಲಿಪಿಕಾರರಲ್ಲಿ ಎರಡು ಬಗೆ. ಕಂಡುದನ್ನು ಕಂಡಂತೆ ಬರೆದು, ತಪ್ಪು ತನ್ನದಲ್ಲವೆಂದು ಕೊನೆಯಲ್ಲಿ ಬಿನ್ನವಿಸಿಕೊಳ್ಳುವವನು ಒಬ್ಬ. ಅರ್ಥವಾಗದ ಪದವನ್ನು ಕಂಡಾಗ ತನಗೆ ಪರಿಚಿತವಾದ ಪದವನ್ನು ಅಲ್ಲಿ ಇಟ್ಟು ವಾಕ್ಯವನ್ನು ನಯಗೊಳಿಸುವವನು ಇನ್ನೊಬ್ಬ. ಮೊದಲನೆಯವನ ತಪ್ಪು ಮೇಲೆಯೇ ಕಾಣುತ್ತದೆ, ತಿದ್ದಬಹುದು. ಎರಡನೆಯವನ ತಪ್ಪು ಶುದ್ಧಪಾಠದ ವೇಷದಲ್ಲಿರುತ್ತದೆ. ಕ್ಲಿಷ್ಟಪಾಠಕ್ಕೆ ಬೆಲೆ ಕೊಡಬೇಕೆಂದು ಸಂಪಾದಕರು ಹೇಳುವುದು ಇವನ ಭಯದಿಂದಲೇ. ಭಾಷಾಮಾದರಿಯು ಸ್ವಭಾವತಃ ಈ ಎರಡನೆಯ ಲಿಪಿಕಾರನ ವರ್ಗಕ್ಕೆ ಸೇರಿದುದು. ಅದರ ಒಲವು ಯಾವಾಗಲೂ ಸುಲಭಪಾಠದ ಕಡೆಗೆ.

ಒಂದು ಪದದ ಲೋಪದಿಂದ ಏನಾಗಬಹುದೆಂಬುದಕ್ಕೆ ಈ ಪತ್ರಿಕೆಯ ವಾಚಕರಿಗೆ ದೂರದ ನಿದರ್ಶನ ಬೇಕಿಲ್ಲ. ಸತ್ಪ್ರರೂಪಣೆಯ 93ನೆಯ ಸೂತ್ರದ 'ಸಂಜದ' ಪದದ ವೃತ್ತಾಂತ ಸುವಿದಿತವೇ ಇದೆ. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಹೊರಬಂದಾಗ ಅದಕ್ಕೆ ಆಧಾರವಾಗಿದ್ದುವು ಮೂಡಬಿದಿರೆಯ ತಾಡೋಲೆಗಳಿಂದ ಹೊರಟ ಪ್ರತಿಯ ಪ್ರತಿಗಳು. ಅವುಗಳಲ್ಲಿ ಆ ಪದ ಇರಲಿಲ್ಲ. ಟೀಕೆಯ ಸಂದರ್ಭವನ್ನು ನೋಡಿ ಅದು ಇರಬೇಕೆಂದು ಊಹಿಸಿದ ಸಂಪಾದಕರು ತಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿ, ಮೂಲದಲ್ಲಿ ಸೇರಿಸದೆ ಬಿಟ್ಟರು. ಮುಂದೆ ಮೂಡಬಿದಿರೆಯ ಓಲೆಗಳೊಡನೆ ತಾಳೆ ನೋಡಿದಾಗ ಪದವು ಅಲ್ಲಿ ಇದ್ದುದು ಕಂಡುಬಂದಿತು. ಅದರ ಸುತ್ತ ನಡೆದ ಚರ್ಚೆಯ ಸೈದ್ಧಾಂತಿಕ ಪಕ್ಷಗಳು ಇಲ್ಲಿ ಪ್ರಸ್ತುತವಲ್ಲ. ಪ್ರಸ್ತುತವಾದುದು ಇಷ್ಟು: ಪದವಿಲ್ಲದ ಪಾಠ, ಪದವಿರಬೇಕೆಂಬ ಊಹೆ, ಓಲೆಯಲ್ಲಿ ಕಂಡ ಪ್ರತ್ಯಕ್ಷ, ಈ ಮೂರೂ ಮೂರು ಬೇರೆ ಬೇರೆ ಪ್ರಮಾಣಗಳಾಗಿ ಉಳಿದುದರಿಂದಲೇ ವಿವಾದವನ್ನು ಓಲೆಯ ಮುಂದೆ ತರುವುದು ಸಾಧ್ಯವಾಯಿತು. ಸಂಪಾದಕರು ಅಂದು ಊಹೆಯನ್ನು ಮೂಲದೊಳಗೆ ಸದ್ದಿಲ್ಲದೆ ಬೆರೆಸಿದ್ದರೆ ಊಹೆ ಸರಿಯಾಗಿಯೇ ಇರುತ್ತಿತ್ತು, ಆದರೆ ಯಾರೂ ಅದನ್ನು ನಂಬುತ್ತಿರಲಿಲ್ಲ. ಯಂತ್ರವು ಈ ಮೂರನ್ನೂ ಒಂದೇ ವಾಕ್ಯವಾಗಿ ಕಲಸಿ ಕೊಟ್ಟರೆ ಮುಂದಿನ ಪೀಳಿಗೆಗೆ ತಾಳೆ ನೋಡುವ ಎಳೆಯೇ ತಪ್ಪಿಹೋಗುತ್ತದೆ.

ಯಾತ್ರಿಕರು ಹೆಚ್ಚಾಗಿ ಕೇಳುವ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು: ಗೊಮ್ಮಟವಿಗ್ರಹದ ಪ್ರತಿಷ್ಠೆ ಎಂದಾಯಿತು? ಕ್ರಿ.ಶ. 981 ಎಂದು ಒಂದೇ ಮಾತಿನಲ್ಲಿ ಹೇಳುವ ಯಂತ್ರವು ಸುಳ್ಳನ್ನು ಹೇಳಿತೆನ್ನಲಾಗದು; ಸಹಸ್ರಮಾನೋತ್ಸವದ ಮಹಾಮಸ್ತಕಾಭಿಷೇಕ 1981ರಲ್ಲಿ ನಡೆದುದೂ ಆ ಗಣನೆಯಂತೆಯೇ. ಆದರೆ ವಿಗ್ರಹದ ಪಾದದ ಬಳಿಯ ಶಾಸನಗಳು ಚಾವುಂಡರಾಯನು ಮಾಡಿಸಿದನೆಂಬುದನ್ನು ಹೇಳುತ್ತವೆಯೇ ಹೊರತು ವರ್ಷವನ್ನು ಹೇಳುವುದಿಲ್ಲ. ಕಲ್ಕಿವರ್ಷ 600, ವಿಭವ ಸಂವತ್ಸರ, ಚೈತ್ರ ಶುಕ್ಲ ಪಂಚಮಿ, ಭಾನುವಾರ ಎಂಬ ವಿವರ ಬರುವುದು ತರುವಾಯದ ಬಾಹುಬಲಿಚರಿತದಲ್ಲಿ. ಅದನ್ನು ಹೊಂದಿಸುವಲ್ಲಿ ಗೋವಿಂದ ಪೈಯವರು 981ನ್ನೂ, ಆರ್. ನರಸಿಂಹಾಚಾರ್ಯರು 983ನ್ನೂ, ಆರ್. ಶಾಮಶಾಸ್ತ್ರಿಗಳು 1028ನ್ನೂ ಸೂಚಿಸಿದರು. 978ರಲ್ಲಿ ಮುಗಿದ ಚಾವುಂಡರಾಯಪುರಾಣದಲ್ಲಿ ವಿಗ್ರಹದ ಮಾತಿಲ್ಲ. 993ರ ರನ್ನನ ಅಜಿತಪುರಾಣದಲ್ಲಿ ಅತ್ತಿಮಬ್ಬೆ ಅದರ ದರ್ಶನಕ್ಕೆ ಬಂದುದು ಉಕ್ತವಾಗಿದೆ. ಆದುದರಿಂದ ಈ ಎರಡರ ನಡುವಣ ಹದಿನೈದು ವರ್ಷಗಳಲ್ಲಿ ಪ್ರತಿಷ್ಠೆ ನಡೆದಿರಬೇಕೆಂಬುದು ಬಲವಾದ ಅನುಮಾನ, 1028 ನಿಲ್ಲುವುದಿಲ್ಲ. ಇಷ್ಟನ್ನು ನಾಲ್ಕು ವಾಕ್ಯಗಳಲ್ಲಿ ಹೇಳಬಹುದು. ಹಳ್ಳಿಯಿಂದ ಬಂದ ಶ್ರಾವಕನಿಗೆ ಇದು ಭಾರವಾದೀತೆಂದು ಭಾವಿಸುವವರು ಶ್ರಾವಕನ ಬುದ್ಧಿಯನ್ನು ಕಡಿಮೆ ಎಣಿಸುತ್ತಾರೆ. ಒಂದು ಪುರಾಣವು ಹೇಳದೆ ಬಿಟ್ಟುದರಿಂದಲೂ ಇನ್ನೊಂದು ಹೇಳಿದುದರಿಂದಲೂ ಕಾಲವನ್ನು ಕಂಡುಹಿಡಿಯುವ ಈ ಕ್ರಮವು ಬರಿಯ ವರ್ಷಸಂಖ್ಯೆಗಿಂತ ಎಷ್ಟೋ ಹೆಚ್ಚಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ವಿಗ್ರಹದ ಎತ್ತರದ ಮಾತೂ ಹೀಗೆಯೇ. ಬುಕಾನನ್ನನು 70 ಅಡಿ 3 ಅಂಗುಲವೆಂದೂ, ವೆಲ್ಲೆಸ್ಲಿಯು 60 ಅಡಿ 3 ಅಂಗುಲವೆಂದೂ, ಬೌರಿಂಗನು 57 ಅಡಿಯೆಂದೂ ಬರೆದಿದ್ದಾರೆ. ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಓದಿ ಕಲಿತ ಯಂತ್ರವು ಇವುಗಳಲ್ಲಿ ಯಾವುದನ್ನಾದರೂ ಕೊಟ್ಟೀತು.

ಭದ್ರಬಾಹು-ಚಂದ್ರಗುಪ್ತರ ವಿಷಯ ಇದಕ್ಕಿಂತ ಸೂಕ್ಷ್ಮವಾದುದು, ಏಕೆಂದರೆ ಇಲ್ಲಿ ಕ್ಷೇತ್ರದ ಶ್ರದ್ಧೆಯೂ ಶಾಸನದ ಸಾಕ್ಷ್ಯವೂ ಒಂದಕ್ಕೊಂದು ತಗುಲಿಕೊಂಡಿವೆ. ಚಂದ್ರಗಿರಿಯ ಸುಮಾರು ಕ್ರಿ.ಶ. 600ರ ಮೊದಲ ಶಾಸನವು ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ನುಡಿದ ದ್ವಾದಶವರ್ಷದ ಕ್ಷಾಮವನ್ನೂ, ಸಂಘವು ದಕ್ಷಿಣಾಪಥಕ್ಕೆ ಬಂದುದನ್ನೂ ಹೇಳಿ, ಕಟವಪ್ರದಲ್ಲಿ ಸಮಾಧಿಯನ್ನು ಹೊಂದಿದವರನ್ನು ಪ್ರಭಾಚಂದ್ರರೆಂದು ಕರೆಯುತ್ತದೆ. ಏಳನೆಯ ಶತಮಾನದ ಇನ್ನೊಂದು ಶಾಸನ ಭದ್ರಬಾಹು-ಚಂದ್ರಗುಪ್ತರ ಯುಗಳವನ್ನು ನೆನೆಯುತ್ತದೆ. 931ರ ಹರಿಷೇಣನ ಬೃಹತ್ಕಥಾಕೋಶದಲ್ಲಿ ಚಂದ್ರಗುಪ್ತನು ದೀಕ್ಷೆ ಪಡೆದು ವಿಶಾಖಾಚಾರ್ಯನಾಗಿ ಸಂಘವನ್ನು ದಕ್ಷಿಣಕ್ಕೆ ತಂದನೆಂದಿದೆ. ಭದ್ರಬಾಹುಗಳ ಸಮಾಧಿ ಅಲ್ಲಿ ಭಾದ್ರಪದದೇಶದಲ್ಲಿ. ಚಿದಾನಂದಕವಿಯ ಮುನಿವಂಶಾಭ್ಯುದಯ, ದೇವಚಂದ್ರನ ರಾಜಾವಳೀಕಥೆಗಳಲ್ಲಿ ಕಥೆ ಬೇರೆ ರೂಪ ತಾಳುತ್ತದೆ. ರೈಸರು ಪ್ರಭಾಚಂದ್ರನೇ ಚಂದ್ರಗುಪ್ತನೆಂದರೆ, ಫ್ಲೀಟರು ಅದನ್ನು ಒಪ್ಪಲಿಲ್ಲ. ಯಾತ್ರಿಕನು ಚಂದ್ರಗುಪ್ತ ಬಸದಿಯ ಮುಂದೆ ನಿಂತು ಕೇಳಿದಾಗ ಯಂತ್ರವು ಈ ಎಲ್ಲವನ್ನೂ ಒಂದೇ ಕಥೆಯಾಗಿ ಹೊಸೆದು ಮೌರ್ಯಚಕ್ರವರ್ತಿಯ ವೃತ್ತಾಂತವನ್ನು ಹೇಳುವುದು ಒಂದು ಅತಿ. ಇದೆಲ್ಲ ದಂತಕಥೆಯೆಂದು ತಳ್ಳಿಹಾಕುವುದು ಮತ್ತೊಂದು ಅತಿ. ಶಾಸನ ಇಷ್ಟನ್ನು ಹೇಳುತ್ತದೆ, ಕಥಾಕೋಶ ಇಷ್ಟನ್ನು, ಕ್ಷೇತ್ರಪರಂಪರೆ ಇಷ್ಟನ್ನು ಎಂದು ಬಿಡಿಸಿ ಹೇಳಿದರೆ ಶ್ರದ್ಧೆಗೂ ಕೊರತೆಯಿಲ್ಲ, ಶಾಸನಕ್ಕೂ ಅಪಚಾರವಿಲ್ಲ.

ಆಕರಗಳನ್ನು ಯಂತ್ರಕ್ಕೆ ಉಣಿಸುವಲ್ಲಿಯೂ ತೊಡಕುಗಳಿವೆ. ಈಗ ನಿರ್ಮಾತೃಗಳು ಒಂದು ಉಪಾಯವನ್ನು ಹೆಚ್ಚಾಗಿ ಅನುಸರಿಸುತ್ತಾರೆ: ಯಂತ್ರವು ಮನಬಂದಂತೆ ಉತ್ತರಿಸದೆ, ನಿಯತವಾದ ಗ್ರಂಥರಾಶಿಯಿಂದ ಸಂಬದ್ಧವಾದ ಭಾಗಗಳನ್ನು ಮೊದಲು ಹುಡುಕಿ ತೆಗೆದು, ಅವುಗಳನ್ನು ಮುಂದಿಟ್ಟುಕೊಂಡು ಉತ್ತರವನ್ನು ರಚಿಸುವಂತೆ ಮಾಡುವುದು. ಕ್ರಮ ಒಳ್ಳೆಯದೇ. ಆದರೆ ಶ್ರವಣಬೆಳಗೊಳದ ಶಾಸನಗಳ ಸಂಪುಟವೇ ಮೂರು ಆವೃತ್ತಿಗಳಲ್ಲಿದೆ. 1889ರ ರೈಸರ ಆವೃತ್ತಿಯಲ್ಲಿ 144 ಶಾಸನಗಳು, 1923ರ ನರಸಿಂಹಾಚಾರ್ಯರ ಆವೃತ್ತಿಯಲ್ಲಿ 500, 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಆವೃತ್ತಿಯಲ್ಲಿ 573. ಸಂಖ್ಯೆಗಳು ಒಂದೊಂದರಲ್ಲಿ ಒಂದೊಂದು. 1129ರ ಮಲ್ಲಿಷೇಣಪ್ರಶಸ್ತಿಯು ಮೊದಲನೆಯದರಲ್ಲಿ 54, ಎರಡನೆಯದರಲ್ಲಿ 67. ಒಂದು ಶತಮಾನದ ಲೇಖನಗಳು ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು ಉಲ್ಲೇಖಿಸಿವೆ, ಆವೃತ್ತಿಯ ಹೆಸರನ್ನು ಹೇಳದೆ ಬಿಟ್ಟವೂ ಉಂಟು. ಯಂತ್ರವು ಒಂದು ಲೇಖನದ 54ನ್ನು ಮತ್ತೊಂದು ಆವೃತ್ತಿಯಲ್ಲಿ ಹುಡುಕಿದರೆ ಸಿಕ್ಕುವುದು ಬೇರೆಯ ಶಾಸನ, ಬೇರೆಯ ಆಚಾರ್ಯ, ಬೇರೆಯ ಶತಮಾನ. ಮೇಲಾಗಿ ಉತ್ತರಕ್ಕೆ ಆಕರಸಂಖ್ಯೆಯ ಮುದ್ರೆಯೂ ಬಿದ್ದಿರುವುದರಿಂದ ಅನುಮಾನಿಸುವವರು ಕಡಿಮೆ.

ಲಿಪಿಯ ತೊಡಕು ಇನ್ನೊಂದು. ೞ, ಱ ಎಂಬ ಅಕ್ಷರಗಳನ್ನು ಹೊಸ ಮುದ್ರಣಕ್ಕೆ ಹೊಂದಿಸುವಾಗ ಳ, ರಗಳಾಗಿ ಮಾರ್ಪಡಿಸುವ ವಾಡಿಕೆಯಿದೆ. ಆಗ ತಿಳಿ ಎಂಬರ್ಥದ 'ಅಱಿ'ಯೂ ಶತ್ರುವೆಂಬರ್ಥದ 'ಅರಿ'ಯೂ ಒಂದೇ ಆಗುತ್ತವೆ. ಬದುಕುವ 'ಬಾೞ್' ಕತ್ತಿಯ 'ಬಾಳ್' ಆಗುತ್ತದೆ. ಮನುಷ್ಯನಾದರೆ ಸಂದರ್ಭದಿಂದ ಬಿಡಿಸಿಕೊಂಡಾನು. ಹಳಗನ್ನಡವನ್ನು ಅತ್ಯಲ್ಪವಾಗಿ ಓದಿರುವ ಯಂತ್ರದಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಯೂನಿಕೋಡ್ ಎಂಬ ಅಂತಾರಾಷ್ಟ್ರೀಯ ಅಕ್ಷರಪಟ್ಟಿಯಲ್ಲಿ ೞಕಾರಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ಅಲ್ಲಿನ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಸರಿಯಾದ ಹೆಸರು ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ. ಕೇಶಿರಾಜನ ನಾಡಿನ ಅಕ್ಷರಕ್ಕೆ ಬಂದ ಈ ಗತಿಯನ್ನು ವೈಯಾಕರಣರು ಗಮನಿಸಬೇಕು.

ಎಲ್ಲಕ್ಕಿಂತ ಗಂಭೀರವಾದುದು ಪರಿಭಾಷೆಯ ಪ್ರಶ್ನೆ. ಚಂದ್ರಗಿರಿಯ ಪ್ರಾಚೀನ ಶಾಸನಗಳಲ್ಲಿ ಬಹುಭಾಗ ಸನ್ಯಸನ, ಸಲ್ಲೇಖನ, ಸಮಾಧಿಮರಣಗಳ ಸ್ಮಾರಕಗಳು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾವ್ರತವನ್ನು ಆತ್ಮಹತ್ಯೆಯೆಂದು ಎಣಿಸಿ ತೀರ್ಪಿತ್ತಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಆ ಕಾಲದ ವಾರ್ತೆಗಳ ರಾಶಿಯನ್ನು ಓದಿದ ಯಂತ್ರವು ನಿಷಿಧಿಶಾಸನದ ಬಗೆಗಿನ ಪ್ರಶ್ನೆಗೆ 'ಆತ್ಮಹತ್ಯೆ' ಎಂಬ ಪದವನ್ನು ಎತ್ತಿಕೊಳ್ಳುವ ಸಂಭವ ಸಾಕಷ್ಟಿದೆ. ಪ್ರಾಣಹಾನಿಯ ಮಾತು ಬಂದೊಡನೆ ಸಹಾಯವಾಣಿಯ ಸಂಖ್ಯೆಯನ್ನು ಕೊಟ್ಟು ವಿಷಯವನ್ನು ಮುಗಿಸುವಂತೆಯೂ ಸಾಮಾನ್ಯ ಯಂತ್ರಗಳನ್ನು ಕಟ್ಟಿರುತ್ತಾರೆ. ಅದು ಅನಗತ್ಯವೆನ್ನುವಂತಿಲ್ಲ, ನೊಂದವನೊಬ್ಬನು ವ್ರತದ ಹೆಸರು ಹೇಳಿ ಕೇಳಿದರೆ ಅವನನ್ನು ಮನುಷ್ಯರ ಬಳಿಗೆ ಕಳುಹಿಸುವುದೇ ಸರಿ, ವ್ರತವಿಧಿಯನ್ನು ಯಂತ್ರವು ಬೋಧಿಸಕೂಡದು. ಆದರೆ ಏಳನೆಯ ಶತಮಾನದ ಕಂತಿಯೊಬ್ಬಳ ಸಮಾಧಿಲೇಖವನ್ನು ತೋರಿಸಿ ಅರ್ಥ ಕೇಳಿದವನಿಗೆ ಸಹಾಯವಾಣಿಯನ್ನು ತೋರಿಸುವುದು ಬೇರೆ. ಈ ಎರಡರ ಅಂತರವನ್ನು ಯಂತ್ರಕ್ಕೆ ಕಲಿಸಬಲ್ಲವರು ತತ್ತ್ವಾರ್ಥಸೂತ್ರವನ್ನೂ ರತ್ನಕರಂಡಕವನ್ನೂ ಓದಿದ ಪಂಡಿತರೇ ಹೊರತು ಕೇವಲ ಯಂತ್ರಜ್ಞರಲ್ಲ. ಪಂಡಿತರು ದೂರ ಸರಿದು ನಿಂತರೆ ಯಂತ್ರ ನಿಲ್ಲುವುದಿಲ್ಲ, ಅವರಿಲ್ಲದೆ ಸಿದ್ಧವಾಗುತ್ತದೆ.

ಹಾಗಾದರೆ ಯಾತ್ರಿಕನಿಗೆ ನಿಜವಾಗಿ ಸ್ನೇಹಿಯಾದ ಯಂತ್ರದ ಸ್ವರೂಪವೇನು? ವೃದ್ಧರಾದ ಶ್ರಾವಕ-ಶ್ರಾವಿಕೆಯರು ಬೆರಳಿನಿಂದ ಅಕ್ಷರಗಳನ್ನು ಒತ್ತಲಾರರು. ಬಾಯಿಂದ ಕೇಳಿ ಕಿವಿಯಿಂದ ತಿಳಿಯುವ ಸೌಕರ್ಯ ಮೊದಲು ಬೇಕು. ಕನ್ನಡದೊಡನೆ, ಮೂಡಬಿದಿರೆ, ಕಾರ್ಕಳ, ವೇಣೂರುಗಳಲ್ಲಿ ತುಳುವೂ, ಎಲ್ಲೆಡೆ ಹಿಂದೀ-ಮರಾಠಿಗಳೂ ಬೇಕು. ಉತ್ತರದ ಮೊದಲ ವಾಕ್ಯ ಚಿಕ್ಕದಾಗಿರಲಿ, ಅದಕ್ಕೆ ಆಕ್ಷೇಪವಿಲ್ಲ. ಆದರೆ ಅದರ ಬೆನ್ನಿಗೇ ಈ ಮಾತು ಕಲ್ಲಿನದೋ, ಓಲೆಯದೋ, ಮುದ್ರಿತ ಪುಸ್ತಕದ್ದೋ, ಊರವರ ಬಾಯಿಯದೋ ಎಂಬುದು ತಿಳಿಯಬೇಕು. ಇನ್ನೂ ಕೇಳಿದವನಿಗೆ ಶಾಸನದ ಪಾಠ, ಆವೃತ್ತಿ, ಸಂಖ್ಯೆಗಳು ದೊರೆಯಬೇಕು. ಪ್ರಶ್ನೋತ್ತರರತ್ನಮಾಲಿಕೆಯ ಕರ್ತೃ ಯಾರೆಂದು ಕೇಳಿದಾಗ ಅಮೋಘವರ್ಷನೆಂದು ಹೇಳುವುದರ ಜೊತೆಗೆ, ಶಂಕರರ ಹೆಸರಿನಲ್ಲಿಯೂ ವಿಮಲಸೂರಿಯ ಹೆಸರಿನಲ್ಲಿಯೂ ಅದು ಪ್ರಚಾರದಲ್ಲಿದೆಯೆಂದೂ, ತಿಬ್ಬತೀ ಅನುವಾದವು ಅಮೋಘವರ್ಷನ ಪಕ್ಷಕ್ಕೆ ಬಲ ಕೊಡುತ್ತದೆಯೆಂದೂ ಹೇಳುವ ಯಂತ್ರವಾದರೆ ಅದರ ಮಾತನ್ನು ಕೇಳಬಹುದು. ಆಧಾರ ಸಿಕ್ಕದ ಕಡೆ 'ಇದಕ್ಕೆ ಆಧಾರ ದೊರೆತಿಲ್ಲ' ಎಂಬ ವಾಕ್ಯವನ್ನು ಅದು ಸಂಕೋಚವಿಲ್ಲದೆ ಹೇಳಬೇಕು. ಹಾಗೆ ಉತ್ತರವಿಲ್ಲದೆ ಉಳಿದ ಪ್ರಶ್ನೆಗಳನ್ನು, ಕೇಳಿದವರ ಗುರುತನ್ನು ಬಿಟ್ಟು, ಸಂಗ್ರಹಿಸಿಟ್ಟು ತಿಂಗಳಿಗೊಮ್ಮೆ ವಿದ್ವಾಂಸರ ಮುಂದಿಡುವ ಏರ್ಪಾಟೂ ಇರತಕ್ಕದ್ದು. ಜನರಿಗೆ ಏನು ತಿಳಿಯಬೇಕಾಗಿದೆಯೆಂಬುದು ಸಂಶೋಧಕರಿಗೆ ಅಪರೂಪವಾಗಿ ತಿಳಿಯುವ ಸಂಗತಿ.

ಎಲ್ಲವನ್ನೂ ಹೇಳುವುದೂ ಸಲ್ಲದು. 2013ರಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯವಾದ ಬಿಂಬಗಳು ಕಳವಾದುದನ್ನು ನೆನೆದರೆ, ಯಾವ ಬಿಂಬ ಯಾವ ಪೆಟ್ಟಿಗೆಯಲ್ಲಿ, ಯಾವ ಓಲೆ ಯಾರ ಮನೆಯಲ್ಲಿ ಎಂಬುದನ್ನು ಕೇಳಿದವರಿಗೆಲ್ಲ ಸಾರುವ ಯಂತ್ರ ಬೇಡವೆಂಬುದಕ್ಕೆ ಬೇರೆ ಯುಕ್ತಿ ಬೇಕಿಲ್ಲ.

ಕೆಲಸದ ಆರಂಭವು ಯಂತ್ರದಿಂದಲ್ಲ, ಪಟ್ಟಿಯಿಂದ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಹೊರತಂದ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ಭಂಡಾರ ಭಂಡಾರಗಳ ಓಲೆಗಳನ್ನು ಹೆಸರಿಸಿ ಮುಂದಿನವರಿಗೆ ದಾರಿ ಮಾಡಿತು. ಅದೇ ಶ್ರದ್ಧೆಯಿಂದ, ಬೆಳ್ಗೊಳದ ಶಾಸನಗಳ ಮೂರು ಆವೃತ್ತಿಗಳ ಸಂಖ್ಯೆಗಳನ್ನು ಒಂದಕ್ಕೊಂದು ಜೋಡಿಸಿ, ೞ-ಱಗಳನ್ನು ಮೂಲದಂತೆಯೇ ಉಳಿಸಿ, ಪ್ರತಿಯೊಂದು ಶಾಸನಕ್ಕೂ ಅದರ ವಿಷಯದಲ್ಲಿರುವ ಮತಭೇದಗಳನ್ನು ಎರಡೆರಡು ಸಾಲಿನಲ್ಲಿ ಬರೆದಿಟ್ಟ ಒಂದು ತಾಳೆಪಟ್ಟಿ ಗಣಕಕ್ಕೆ ಸಲ್ಲುವ ರೂಪದಲ್ಲಿ ಸಿದ್ಧವಾಗಬೇಕಾಗಿದೆ. 573 ಶಾಸನಗಳು, ಹಳಗನ್ನಡ, ಸಂಸ್ಕೃತಗಳೆರಡನ್ನೂ ಬಲ್ಲ ಇಬ್ಬರು ಮೂವರು ಕುಳಿತರೆ 2030ರೊಳಗೆ ಮುಗಿಯದಷ್ಟು ದೊಡ್ಡ ಕೆಲಸವಲ್ಲ.